ಗಿಟಾರಿಗೊಂದು ರಬ್ಬರಿನ ಕುದುರೆ

ಹೋದ ಬೇಸಿಗೆಯಲ್ಲಿ ಹಿರಿಯೂರಿನ ಹತ್ತಿರ ಟೀ ಕುಡಿಯಲು ಕಾರು ನಿಲ್ಲಿಸಿದ್ದೆವು. ಪಕ್ಕದ ಪಂಚರ್ ಅಂಗಡಿಯಲ್ಲಿ ಲಾರಿಯ ಟ್ಯೂಬೊಂದಕ್ಕೆ ತೇಪೆ ಇಟ್ಟು ಕಾಯಿಸುತ್ತಿದ್ದರು. ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಲೋಟ ಕೆಳಗಿಟ್ಟೆ. "ಯಾಕಮ್ಮ, ಟೀ ಚೆನ್ನಾಗಿಲ್ವಾ?" ಎಂದು ಮಗಳು ಕೇಳಿದಳು. ಟೀ ಚೆನ್ನಾಗಿಯೇ ಇತ್ತು. ಸತ್ತು ಎಷ್ಟೋ ಕಾಲವಾದ ಒಬ್ಬ ಮನುಷ್ಯನ ಮೇಲೆ ಸಿಟ್ಟು ಬಂದಿದೆ ಎಂದು ಅವಳಿಗೆ ಹೇಗೆ ಹೇಳಲಿ? ಕಾಲ ಕಳೆದಂತೆ ಎಲ್ಲ ತಣ್ಣಗಾಗುತ್ತದೆ ಎನ್ನುತ್ತಾರೆ. ಇದೊಂದು ತಣ್ಣಗಾಗಿಲ್ಲ. ಆಗಲಿ ಎಂದು ನಾನೂ ಬಯಸಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಚಿತ್ರದುರ್ಗದಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಹೊರಕೆರೆದೇವಪುರದ ಕಡೆಯ ಹಳ್ಳಿಯವರು ನಾವು, ಕುರಿ ಕಾಯುವ ಮನೆತನ. ಅಪ್ಪ ತೀರಿಕೊಂಡ ಮೇಲೆ ಅವ್ವ ಕುರಿಗಳನ್ನೂ ಹೊಲವನ್ನೂ ಸೋದರಮಾವನಿಗೆ ವಹಿಸಿ ನನ್ನ ಜೊತೆ ದುರ್ಗಕ್ಕೆ ಬಂದಳು. ಗಂಡಸರಿಲ್ಲದ ಇಬ್ಬರು ಹೆಂಗಸರಿಗೆ, ಅದರಲ್ಲೂ ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿಗೆ ಹೋಗುವ ಹುಡುಗಿಗೆ, ಯಾರೂ ಮನೆ ಕೊಡುತ್ತಿರಲಿಲ್ಲ. ಅಲೆದು ಅಲೆದು ಕೊನೆಗೆ ಕೋಟೆಯ ಬುಡದ ಓಣಿಯೊಂದರಲ್ಲಿ ಅರ್ಧ ಮನೆ ಸಿಕ್ಕಿತು. ಅರ್ಧ ಎಂದರೆ ನಿಜಕ್ಕೂ ಅರ್ಧ. ಹಳೆಯ ಮಾಳಿಗೆ ಮನೆಯ ನಡುವೆ ಹಸಿ ಇಟ್ಟಿಗೆಯ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆ ಕಡೆ ಮನೆಯ ಒಡೆಯ ಚನ್ನಬಸಪ್ಪ, ಈಚೆ ಕಡೆ ನಾವು. ಹಳೆಯ ಮನೆಯ ದಪ್ಪ ಮರದ ಕಂಬವೊಂದು ಆ ಗೋಡೆಯೊಳಗೇ ಸಿಕ್ಕಿಕೊಂಡು, ಎರಡೂ ಕಡೆ ಅರ್ಧರ್ಧ ಮೈ ತೋರಿಸುತ್ತ ನಿಂತಿತ್ತು.

ಚನ್ನಬಸಪ್ಪನಿಗೆ ಶೇಂಗಾ ವ್ಯಾಪಾರ. ಓಣಿಯವರೆಲ್ಲ ಅವನನ್ನು ಸಾವ್ಕಾರ್ರು ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಗೌರಮ್ಮ ಗಂಡನ ಎದುರು ತುಟಿ ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಅವನು ನನ್ನ ಜೊತೆ ನೇರವಾಗಿ ಮಾತಾಡಿದ್ದೂ ಕಡಿಮೆಯೇ. ನಾನು ಎದುರಿಗೇ ನಿಂತಿದ್ದರೂ "ನಿನ್ ಮಗಳಿಗೆ ಹೇಳಮ್ಮ" ಎಂದು ಅವ್ವನಿಗೆ ಹೇಳುತ್ತಿದ್ದ.

ಗಿಟಾರು ಫ್ಲೋರಾಳದು. ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವಳು. ಭಾನುವಾರಗಳಲ್ಲಿ ತನ್ನ ಮನೆಗೆ ಕರೆದು ನನಗೆ ಬೆರಳಿಡುವುದನ್ನು ಕಲಿಸಿದ್ದಳು. ಮದುವೆಯಾಗಿ ಮಂಗಳೂರಿಗೆ ಹೋಗುವಾಗ "ನನಗಿಂತ ನಿನಗೇ ಇದರ ಹುಚ್ಚು ಜಾಸ್ತಿ" ಎಂದು ಕೊಟ್ಟುಹೋದಳು. ಹುಚ್ಚು ಹೌದು. ಹೆಡ್‌ಫೋನು ಹಾಕಿಕೊಂಡು ಕೂತರೆ ಪಾಳಿ ಮುಗಿಯುವವರೆಗೂ ಕಿವಿಯೊಳಗೆ ಬೇರೆಯವರ ಬದುಕೇ. ಹೊಸದುರ್ಗದಿಂದ ಯಾರೋ ಸತ್ತ ಸುದ್ದಿ, ಹೊಳಲ್ಕೆರೆಯಿಂದ ಅಡಿಕೆ ಧಾರಣೆ, ಲೈನ್ ಸಿಗದ್ದಕ್ಕೆ ನನಗೇ ಬೈಗುಳ. ಮನೆಗೆ ಬಂದ ಮೇಲೆ ನನ್ನದೇ ಆದ ಒಂದು ಸದ್ದು ಕಿವಿಗೆ ಬೇಕೆನಿಸುತ್ತಿತ್ತು.

ಮಾರ್ಚ್ ತಿಂಗಳಿರಬೇಕು. ದುರ್ಗದ ಬಂಡೆಗಳು ಆಗಲೇ ಕಾದು, ಸಂಜೆಯಾದರೂ ಬಿಸಿ ಉಗುಳುತ್ತಿದ್ದವು. ಕಿಟಕಿ ಮುಚ್ಚಿದರೆ ಒಳಗೆ ಬೇಯಬೇಕು. ತೆರೆದಿಟ್ಟೇ ಗಿಟಾರು ಹಿಡಿದು ಕೂತೆ. ನಾಲ್ಕು ಸಲ ತಂತಿ ಮೀಟಿದೆನೋ ಇಲ್ಲವೋ, ಗೋಡೆಗೆ ಆಚೆಯಿಂದ ದೊಣ್ಣೆಯ ಏಟು ಬಿತ್ತು. ಸುಣ್ಣದ ಹಕ್ಕಳೆ ಉದುರಿ ನನ್ನ ತೊಡೆಯ ಮೇಲೆ ಬಿತ್ತು. ಹಿಂದೆಯೇ ಚನ್ನಬಸಪ್ಪ ಬಾಗಿಲಿಗೆ ಬಂದ.

"ಏನಮ್ಮ ಕೆಂಚಮ್ಮ, ಇದೇನು ಮನೆನೋ, ನಾಟಕದ ಕಂಪ್ನಿನೋ?"

"ಮನೆನೇ ಸಾವ್ಕಾರ್ರೆ," ಎಂದಳು ಅವ್ವ. "ಬಾಡ್ಗಿ ಮನೆ."

"ಬಾಡ್ಗಿ ಕೊಟ್ಟಿರೋದು ಇರಾಕೆ. ಇದು ಮರ್ಯಾದಸ್ತರ ಓಣಿ ಐತೆ. ತಂತಿ ಸದ್ದು ಇನ್ನೊಂದ್ಸಲ ನನ್ ಕಿವಿಗೆ ಬಿದ್ರೆ ನಿಮ್ ಸಾಮಾನು ಬೀದೀಲಿರ್ತಾವೆ. ನಿನ್ ಮಗಳಿಗೆ ಹೇಳು."

ಅಲ್ಲಿಂದ ಶುರುವಾಯಿತು. ಹಿತ್ತಲ ಬಾವಿಯ ಹಗ್ಗ ಬೆಳಿಗ್ಗೆ ಹೊತ್ತು ಮಾಯವಾಗತೊಡಗಿತು. ಕೇಳಿದರೆ "ಹಗ್ಗ ನಂದು" ಎನ್ನುತ್ತಿದ್ದ. ಒಣಹಾಕಿದ ನಮ್ಮ ಬಟ್ಟೆಯ ಕೆಳಗೇ ಶೇಂಗಾ ತೂರಿಸಿ ಸೀರೆಗಳ ತುಂಬ ಧೂಳು ಹೊಡೆಸುತ್ತಿದ್ದ. ಸಂಜೆ ಪಾಳಿ ಮುಗಿದಾಗ ಆಪರೇಟರುಗಳನ್ನು ಜೀಪಿನಲ್ಲಿ ಮನೆಗೆ ಬಿಡುತ್ತಿದ್ದರು. ಅದನ್ನು ಕಟ್ಟೆಯ ಮೇಲೆ ಕೂತವರಿಗೆ ತೋರಿಸಿ "ದಿನಾ ಒಂದೊಂದು ಗಾಡಿ" ಎಂದು ನಗುತ್ತಿದ್ದ. ದಿನವೂ ಬರುತ್ತಿದ್ದದ್ದು ಅದೇ ಜೀಪು, ಅದೇ ಮುದುಕ ಡ್ರೈವರು.

ಅವ್ವನಿಗೂ ಮೊದಲು ಗಿಟಾರು ಬೇಡವಾಗಿತ್ತು. "ಬಿಟ್ಬಿಡೇ ರತ್ನಿ. ಅದ್ರಿಂದೇನ್ ಹೊಟ್ಟೆ ತುಂಬ್ತೈತಾ?" ಎನ್ನುತ್ತಿದ್ದಳು. ಜೀಪಿನ ಮಾತು ಬಾವಿಕಟ್ಟೆಯಲ್ಲಿ ಕಿವಿಗೆ ಬಿದ್ದ ದಿನ ಕೊಡ ಕುಕ್ಕಿ ಒಳಗೆ ಬಂದವಳು ಅಟ್ಟದ ಮೇಲಿದ್ದ ಗಿಟಾರನ್ನು ತಾನೇ ಇಳಿಸಿ ನನ್ನ ಮುಂದಿಟ್ಟಳು.

"ಬಾರ್ಸು. ಆ ಮೂಳನಿಗೆ ಕೇಳ್ದಂಗೆ ಬಾರ್ಸು. ಅವ್ನಿಗೆ ಹೆದ್ರಿ ಬಿಟ್ವಿ ಅಂತ ಆಗ್ಬಾರ್ದು."

ಕೇಳದ ಹಾಗೆ ಬಾರಿಸುವುದು ಹೇಗೆ? ಗಿಟಾರಿನ ಹೊಟ್ಟೆಯ ತೂತಿಗೆ ಹಳೆಯ ಸೀರೆ ತುರುಕಿದೆ. ಸದ್ದು ತುಸು ಕುಗ್ಗಿತು, ಆದರೆ ತಂತಿಯ ಕಿಣಿಕಿಣಿ ಹೋಗಲಿಲ್ಲ. ಗೋಡೆಗೆ ಮತ್ತೆ ದೊಣ್ಣೆ ಬಿತ್ತು. ಆಮೇಲೆ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕೂತೆ. ತಂತಿಗಳು ಕೆಳತುದಿಯಲ್ಲಿ ಮೂಳೆಯ ಒಂದು ಸಣ್ಣ ಪಟ್ಟಿಯ ಮೇಲೆ ಹಾದು ಹೋಗುತ್ತವೆ. ತಂತಿಯ ನಡುಕ ಮರದ ಮೈಗೆ ಇಳಿಯುವುದು ಅಲ್ಲಿಂದ. ಫ್ಲೋರಾ ಅದನ್ನು ಬ್ರಿಡ್ಜ್ ಎನ್ನುತ್ತಿದ್ದಳು, ವೀಣೆಯವರು ಕುದುರೆ ಎನ್ನುತ್ತಾರೆ. ಆ ಕುದುರೆಯೇ ಮೆತ್ತಗಾದರೆ ನಡುಕ ಕೆಳಗಿಳಿಯುವುದಿಲ್ಲವಲ್ಲ ಎಂದು ಹೊಳೆಯಿತು.

ಮೂಳೆಯ ಪಟ್ಟಿ ಕಿತ್ತು, ಅಲ್ಲಿ ಪೆನ್ಸಿಲು ಅಳಿಸುವ ರಬ್ಬರನ್ನು ಕತ್ತರಿಸಿ ಇಟ್ಟೆ. ಉಕ್ಕಿನ ತಂತಿ ಅದನ್ನು ಬೆಣ್ಣೆಯಂತೆ ಸೀಳಿತು. ಸೈಕಲ್ ಟ್ಯೂಬಿನ ಚೂರನ್ನು ಮಡಿಸಿ ಮಡಿಸಿ ಇಟ್ಟೆ. ತಂತಿ ಬಿಗಿಮಾಡಿದಷ್ಟೂ ಅದು ಜಾರಿ ಪಕ್ಕಕ್ಕೆ ಓಡುತ್ತಿತ್ತು, ಇಲ್ಲವಾದರೆ ಜೇನುನೊಣದಂತೆ ಗುಯ್‌ಗುಟ್ಟುತ್ತಿತ್ತು. ಅವ್ವನ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದೆ. ತಂತಿಗಳು ಅದರೊಳಗೆ ಹೂತುಹೋಗಿ ಸದ್ದೇ ಹೊರಡಲಿಲ್ಲ. "ಚಪ್ಲೀನೂ ಹೋತು, ಹಾಡೂ ಹೋತು," ಎಂದು ಅವ್ವ ನಕ್ಕಳು. ಆ ಬೇಸಿಗೆಯಲ್ಲಿ ನಾವಿಬ್ಬರೂ ನಕ್ಕದ್ದು ಅಪರೂಪ, ಹಾಗಾಗಿ ನೆನಪಿದೆ.

ಬಸ್ ನಿಲ್ದಾಣದ ಹತ್ತಿರದ ಪಂಚರ್ ಅಂಗಡಿಗೆ ಹೋಗಿ ಲಾರಿ ಟಯರಿನ ತುಂಡು ಕೇಳಿದೆ. ಅಂಗಡಿಯವನು ಟ್ಯೂಬು ಕಾಯಿಸುತ್ತಿದ್ದವನು ತಲೆಯೆತ್ತಿ, "ಏನಕ್ಕಮ್ಮ? ದೃಷ್ಟಿ ಆಗ್ದಂಗೆ ಬಾಗ್ಲಿಗೆ ಕಟ್ಟಾಕಾ?" ಎಂದ. ವಾದ್ಯಕ್ಕೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸವೆದ ಟಯರಿನಿಂದ ಅಂಗೈಯಗಲದ ತುಂಡು ಕೊಯ್ದು ನೆಲಕ್ಕೆ ಎಸೆದ. ನಾನೇ ಬಗ್ಗಿ ಎತ್ತಿಕೊಂಡೆ. ಅಂಗಡಿಯ ಆ ವಾಸನೆ ಸೀರೆಗೆ ಹತ್ತಿ ಮನೆಯವರೆಗೂ ಬಂತು.

ಟಯರು ಗಟ್ಟಿ. ಈಳಿಗೆಮಣೆಯ ಮೇಲೆ ಇಟ್ಟು ಕೊಯ್ದು ಬೆರಳು ಕೊಯ್ದುಕೊಂಡೆ. ಮಸಾಲೆ ಅರೆಯುವ ಕಲ್ಲಿನ ಹಿಂಬದಿಗೆ ತಿಕ್ಕಿ ತಿಕ್ಕಿ ಎತ್ತರ ಇಳಿಸಿದೆ. ಆರು ತಂತಿಗೆ ಆರು ಗೀರು ಹಾಕಿದೆ. ಒಂದು ಎತ್ತರವಾಯಿತು, ಇನ್ನೊಂದು ಗಿಡ್ಡವಾಯಿತು. ರಜೆ ಸಿಕ್ಕಾಗಲೆಲ್ಲ ಇದೇ ಕೆಲಸ. ಕೊನೆಗೆ ಕೆಳಗೆ ಟಯರು, ಮೇಲೆ ಟ್ಯೂಬಿನ ಒಂದೇ ಪದರ ಅಂಟಿಸಿದ ಕುದುರೆಯೊಂದು ಸರಿಯಾಗಿ ಕೂತಿತು.

ಮೀಟಿದೆ. ಆ ಸದ್ದನ್ನು ಹೇಗೆ ಹೇಳಲಿ? ಗಿಟಾರಿನ ಮಿನುಗೆಲ್ಲ ಹೋಗಿತ್ತು. ಒಣಗಿದ ಹುಣಸೆಕಾಯಿ ಮಣ್ಣಿಗೆ ಬಿದ್ದಂತೆ ಗಿಡ್ಡನೆಯ, ದಪ್ಪನೆಯ ಒಂದು ದನಿ. ಬಂದು ಹೇಳಬೇಕಾದ್ದನ್ನು ಹೇಳಿ ತಕ್ಷಣ ಹೋಗಿಬಿಡುತ್ತಿತ್ತು. ಸ್ವರ ನಿಲ್ಲುವುದಿಲ್ಲವಾದ್ದರಿಂದ ಬೆರಳು ನಿಲ್ಲುವ ಹಾಗಿರಲಿಲ್ಲ. ಫ್ಲೋರಾ ಕಲಿಸಿದ್ದೆಲ್ಲ ಇದಕ್ಕೆ ಹೊಂದಲಿಲ್ಲ. ನಮ್ಮ ಹಳ್ಳಿಯಲ್ಲಿ ಕೇಳಿದ್ದ ಡೊಳ್ಳಿನ ನಡೆಗಳೇ ಬೆರಳಿಗೆ ಬಂದವು. ಹತ್ತಿರ ಕೂತು ಕೇಳಿದ ಅವ್ವ, "ಇದು ಚಲೋ ಐತೆ ಕಣೇ, ಮೊದ್ಲಿಂದು ಬರೀ ಚೀರಾಡ್ತಿತ್ತು," ಎಂದಳು. ಗೋಡೆಯಾಚೆಯಿಂದ ದೊಣ್ಣೆ ಬೀಳಲಿಲ್ಲ. ಗೆದ್ದೆವು ಅಂದುಕೊಂಡೆವು.

ಆದರೆ ಸದ್ದು ನನಗೂ ಸಾಲದಷ್ಟು ಸಣ್ಣದಾಗಿತ್ತು. ಗಿಟಾರಿನ ಬುಡವನ್ನು ಗೋಡೆಯೊಳಗಿನ ಆ ಮರದ ಕಂಬಕ್ಕೆ ಒತ್ತಿ ಹಿಡಿದರೆ ಕಂಬವೂ ಅದುರಿ ದನಿ ತುಸು ತುಂಬಿಕೊಳ್ಳುತ್ತದೆ ಎಂದು ಕಂಡುಕೊಂಡೆ. ಅಂದಿನಿಂದ ಮಧ್ಯಾಹ್ನ ಬಿಡುವಿದ್ದಾಗಲೆಲ್ಲ ಕಂಬಕ್ಕೆ ಒತ್ತಿಯೇ ಬಾರಿಸಿದೆ. ಅದೇ ಕಂಬದ ಇನ್ನರ್ಧ ಚನ್ನಬಸಪ್ಪ ಊಟವಾದ ಮೇಲೆ ಮಲಗುವ ಕೋಣೆಯಲ್ಲಿತ್ತು. ಅಲ್ಲಿಗೆ ಹಾಡು ಹೋಗಲಿಲ್ಲ. ಗುದ್ದು ಮಾತ್ರ ಹೋಯಿತು.

ಏಪ್ರಿಲ್ ಕಳೆಯುವಷ್ಟರಲ್ಲಿ ಅವನ ರೀತಿ ಬದಲಾಯಿತು. ಬೈಗುಳ ನಿಂತಿತು. ಹಗ್ಗ ಬಾವಿಯಲ್ಲೇ ಇರತೊಡಗಿತು. ನಾನು ಅಂಗಳಕ್ಕೆ ಬಂದರೆ ನನ್ನ ಕೈಗಳನ್ನೂ ಕಾಲುಗಳನ್ನೂ ಕಣ್ಣಿಟ್ಟು ನೋಡುತ್ತಿದ್ದ. ಒಂದು ದಿನ ಮಾಳಿಗೆ ಸೋರುತ್ತದೋ ನೋಡಬೇಕೆಂದು ಒಳಗೆ ಬಂದ. ಬೇಸಿಗೆಯಲ್ಲಿ ಏನು ಸೋರುತ್ತದೆ? ಅವನು ಮೇಲೆ ನೋಡಲೇ ಇಲ್ಲ. ಚಾಪೆ ಎತ್ತಿ ನೆಲ ನೋಡಿದ, ಕಾಳಿನ ಗಡಿಗೆ ಸರಿಸಿ ಮೂಲೆ ನೋಡಿದ.

"ಒಳಗೆ ಏನ್ ಕೆಲ್ಸ ನಡ್ಸೀರಿ ಕೆಂಚಮ್ಮ?"

"ಮುದ್ದೆ ಮಾಡಾದು, ತಿನ್ನಾದು. ಇನ್ನೇನ್ರಿ?"

"ಸದ್ದು ಬರ್ತೈತೆ."

"ಬಾರ್ಸಿದ್ರೂ ತಪ್ಪು, ಬಾರ್ಸ್ದೆ ಇದ್ರೂ ತಪ್ಪಾ?" ಎಂದು ಅವ್ವ ಅವನನ್ನು ಹೊರಗೆ ಕಳಿಸಿದಳು.

ಅದಾದ ಮೇಲೆ ಆಗಾಗ ಅವನ ಎತ್ತಿನಗಾಡಿಯಲ್ಲಿ ಗೋಣಿಚೀಲಗಳಲ್ಲಿ ಮಣ್ಣು ಹೋಗುತ್ತಿತ್ತು. ಆಚೆ ಕಡೆ ಅಗೆಯುವ ಸದ್ದೂ ಕೇಳುತ್ತಿತ್ತು. ಬಚ್ಚಲು ಕಟ್ಟಿಸುತ್ತಿದ್ದಾನೆ ಎಂದುಕೊಂಡೆವು. ಗೌರಮ್ಮ ಬಾವಿಕಟ್ಟೆಯಲ್ಲಿ ಅವ್ವನನ್ನು ಕಂಡರೆ ಏನೋ ಹೇಳಲು ಬಾಯಿ ತೆರೆದು, ಮನೆಯ ಕಡೆ ನೋಡಿ ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ನಮ್ಮ ಕಡೆಯ ಗೋಡೆಯಲ್ಲಿ ಸಣ್ಣ ಬಿರುಕೊಂದು ಕಾಣಿಸಿಕೊಂಡಿತು. ಬಿಸಿಲಿಗೆ ಬಿಟ್ಟಿದೆ ಎಂದು ಅವ್ವ ಸೆಗಣಿ ಮಣ್ಣು ಮೆತ್ತಿದಳು.

ಮುಂಗಾರಿನ ಮೊದಲ ಮಳೆ ಬೆಳಗಿನ ಜಾವ ಶುರುವಾಗಿ ಹೊತ್ತು ಏರಿದರೂ ಬಿಡಲಿಲ್ಲ. ನಾನು ಡ್ಯೂಟಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಅವ್ವ ಗೋಡೆಯ ಪಕ್ಕದ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದಳು. ಮೊದಲು ಮಣ್ಣು ಜಾರುವ ಸದ್ದು ಕೇಳಿತು. "ಅವ್ವಾ, ಏಳು!" ಎಂದು ಕೂಗಿದೆ. ಅವಳು ಏಳುವಷ್ಟರಲ್ಲಿ ಗೋಡೆಯ ಬುಡ ಆಚೆಗೆ ಜಾರಿ, ಮೈ ಹೊಟ್ಟೆ ಉಬ್ಬಿದಂತೆ ನಮ್ಮ ಕಡೆಗೆ ಬಾಗಿ, ಒಲೆಯ ಮೇಲೆ ಕುಸಿಯಿತು. ಧೂಳು, ಹೊಗೆ, ಕತ್ತಲು. ಮಣ್ಣು ಗೋರಿ ಅವಳನ್ನು ಎಳೆದೆ. ಒಂದು ಕಾಲು ಬರಲಿಲ್ಲ. ಓಣಿಯವರು ಓಡಿಬಂದು ಇಟ್ಟಿಗೆ ತೆಗೆದ ಮೇಲೆ ಬಂತು. ಪಾದ ಹಿಂದುಮುಂದಾಗಿತ್ತು.

ಧೂಳು ಇಳಿದಾಗ ಗೋಡೆಯಿದ್ದ ಜಾಗದ ಆಚೆ ಎದೆಯಾಳದ ಗುಂಡಿ ಕಾಣಿಸಿತು. ಗುಂಡಿಯ ಪಕ್ಕದಲ್ಲಿ ಹಾರೆ, ಸಲಿಕೆ, ಪುಟ್ಟಿ. ಅದರ ದಡದಲ್ಲಿ ಚನ್ನಬಸಪ್ಪ ನಿಂತಿದ್ದ. ಅವ್ವ ನೋವಿಗೆ ನೆಲ ಕೆರೆಯುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ನಮ್ಮ ಕಡೆಯ ನೆಲವನ್ನು ನೋಡುತ್ತ ಕೂಗಿದ:

"ಅಗ್ದು ಅಗ್ದು ಗೋಡೆ ಬೀಳಿಸಿದ್ರು ನೋಡ್ರಪ್ಪೋ! ಎಲ್ಲಿ ಬಚ್ಚಿಟ್ಟೀರಿ? ತೆಗೀರಿ ಈಚೆಗೆ!"

ನನಗೆ ಏನೂ ಅರ್ಥವಾಗಲಿಲ್ಲ. ಅವ್ವನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಮಳೆಯಲ್ಲೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮೂಳೆ ಪುಡಿಯಾಗಿದೆ, ಕೂಡಿದರೂ ಕಾಲು ಮೊದಲಿನಂತಾಗದು ಎಂದರು ಡಾಕ್ಟರು. ಹಾಗೇ ಆಯಿತು. ಕುರಿಯ ಹಿಂದೆ ಗುಡ್ಡ ಹತ್ತಿ ಬೆಳೆದವಳು ಸಾಯುವವರೆಗೂ ಕೋಲಿಲ್ಲದೆ ನಡೆಯಲಿಲ್ಲ.

ಮರುದಿನ ಪೊಲೀಸಿನವನೊಬ್ಬ ಬಂದ. ದೂರು ಕೊಟ್ಟವನು ಚನ್ನಬಸಪ್ಪನೇ. ಓಣಿಯೆಲ್ಲ ಅಂಗಳದಲ್ಲಿ ಸೇರಿತ್ತು. ಆಗ ವಿಷಯ ಹೊರಬಿತ್ತು. ದುರ್ಗದಲ್ಲಿ ಪಾಳೆಗಾರರ ಹೊನ್ನಿನ ಮಾತು ಕೇಳದ ಮನೆಯಿಲ್ಲ. ಈ ಮನೆಯ ನಡುಭಾಗದಲ್ಲಿ ಒಂದು ಕೊಪ್ಪರಿಗೆ ಹೂತಿದೆ ಎಂದು ಅವನ ಅಪ್ಪ ಸಾಯುವಾಗ ಹೇಳಿದ್ದನಂತೆ. ದಿನಾ ಮಧ್ಯಾಹ್ನ ಗೋಡೆಯಾಚೆಯಿಂದ ಗುದ್ದಲಿಯ ಸದ್ದು ಕೇಳಿ, ನಾವು ಅದನ್ನು ಅಗೆಯುತ್ತಿದ್ದೇವೆ ಎಂದು ಅವನಿಗೆ ಖಾತ್ರಿಯಾಯಿತು. ನಮಗಿಂತ ಮೊದಲು ಮುಟ್ಟಬೇಕೆಂದು ಅವನೂ ತನ್ನ ಕಡೆಯಿಂದ ಶುರುಮಾಡಿದ.

"ದಿನಾ ಕೇಳೈತೆ ಸ್ವಾಮಿ. ಗುದ್ದು, ಗುದ್ದು, ಗುದ್ದು. ನನ್ ಹೆಂಡ್ತೀನೂ ಕೇಳ್ಯಾಳೆ," ಎಂದ.

ನಾನು ಒಳಗೆ ಹೋಗಿ ಗಿಟಾರು ತಂದೆ. ಗೋಡೆ ಹೋದರೂ ಕಂಬ ನಿಂತಿತ್ತು. "ನೀವು ಅವರ ಕೋಣೆಗೆ ಹೋಗಿ ಕಂಬದ ಹತ್ತಿರ ನಿಂತ್ಕಳ್ರಿ" ಎಂದು ಪೊಲೀಸಿನವನಿಗೆ ಹೇಳಿದೆ. ಗಿಟಾರಿನ ಬುಡ ಕಂಬಕ್ಕೆ ಒತ್ತಿ ಬಾರಿಸಿದೆ. ಅವ್ವನ ರಕ್ತ ಇನ್ನೂ ಆ ನೆಲದ ಮೇಲಿತ್ತು. ಅಷ್ಟು ಚೆನ್ನಾಗಿ ನಾನು ಅದಕ್ಕೂ ಮೊದಲು ಬಾರಿಸಿರಲಿಲ್ಲ.

ಪೊಲೀಸಿನವನು ಕಂಬಕ್ಕೆ ಕಿವಿಯಿಟ್ಟ. ಅವನ ಮೀಸೆ ಅಲುಗಿತು. "ಸಾವ್ಕಾರ್ರೆ, ಬರ್ರಿ ಇಲ್ಲಿ. ನಿಮ್ ಗುದ್ದಲಿ ಇದೇನಾ?" ಎಂದು ಕರೆದ. ಚನ್ನಬಸಪ್ಪ ಹೋಗಿ ಕಿವಿಯಿಟ್ಟ. ಅವನ ಮುಖ ಸುಣ್ಣವಾದದ್ದನ್ನು ಓಣಿಯೆಲ್ಲ ನೋಡಿತು. ಯಾರೋ ಒಬ್ಬರು ನಕ್ಕರು. ಆಮೇಲೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಜೀಪಿನ ಮಾತಿಗೆ ನಗುತ್ತಿದ್ದ ಅದೇ ಬಾಯಿಗಳು ಈಗ ಅವನನ್ನು ನೋಡಿ ನಕ್ಕವು. ನಾನು ನಿಲ್ಲಿಸಲಿಲ್ಲ. ಅವರ ನಗು ಮುಗಿಯುವವರೆಗೂ ಬಾರಿಸಿದೆ.

ಅವನು ನನ್ನ ಹತ್ತಿರ ಬಂದ. ರಬ್ಬರಿನ ಕುದುರೆಯನ್ನು ಬೆರಳಿನಿಂದ ಒತ್ತಿ ನೋಡಿದ. ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದ.

"ಗಿಟಾರಿಗೆ ಯಾರಾದ್ರೂ ಟಯರು ಹಾಕ್ತಾರೇನೇ? ಇದು ಆಮೇಲೆ ಮಾಡ್ಕಂಡಿರೋ ನಾಟ್ಕ. ಮನೆ ಖಾಲಿ ಮಾಡು."

"ನಮ್ಮವ್ವನ ಕಾಲು?" ಎಂದೆ.

"ಯಾರು ಕುಂತ್ಕ ಅಂದಿದ್ರು ಅಲ್ಲಿ?" ಎಂದ.

ಆ ಮಾತು ಅವನು ಆಡಬಾರದಾಗಿತ್ತು. ಗುಂಡಿ, ಹಗ್ಗ, ಜೀಪು ಎಲ್ಲವನ್ನೂ ಎಂದಾದರೂ ಮನ್ನಿಸಿಬಿಡುತ್ತಿದ್ದೆನೇನೋ.

ಅವನ ಮೇಲೆ ನಾನು ಕೊಟ್ಟ ದೂರು ನಿಲ್ಲಲಿಲ್ಲ. ತನ್ನ ಮನೆಯ ನೆಲವನ್ನು ತಾನು ಅಗೆದದ್ದು ಅಪರಾಧವಲ್ಲ ಎಂದರು. ನಾನು ಕೇಳಿಕೊಂಡು ಹಿರಿಯೂರಿಗೆ ವರ್ಗ ಮಾಡಿಸಿಕೊಂಡೆ. ಅವ್ವನನ್ನು ಎತ್ತಿ ಬಸ್ಸಿಗೆ ಕೂರಿಸುವಾಗ ಅವಳು ಕೇಳಿದ್ದು ಒಂದೇ ಮಾತು: "ಆ ತಂತಿ ಪೆಟ್ಟಿಗೆ ಹಾಕ್ಕಂಡ್ಯಾ?" ಬಬ್ಬೂರಿನ ಹತ್ತಿರದ ಒಂಟಿ ಮನೆಯಲ್ಲಿ ನಮ್ಮನ್ನು ಬೈಯುವವರು ಯಾರೂ ಇರಲಿಲ್ಲ. ಮೂಳೆಯ ಪಟ್ಟಿಯನ್ನು ಮತ್ತೆ ಹಾಕಿ ನೋಡಿದೆ. ಗಿಟಾರು ಗಂಟಲು ಬಿಚ್ಚಿ ಕೂಗಿತು. ಅವ್ವ ಹಾಸಿಗೆಯಿಂದಲೇ "ತೆಗಿಯೇ ಅದ್ನ" ಎಂದಳು. ರಬ್ಬರೇ ಉಳಿಯಿತು.

ದುರ್ಗದ ಸುದ್ದಿ ಆಗಾಗ ಹಳೆಯ ಸಹೋದ್ಯೋಗಿಗಳಿಂದ ಕೇಳುತ್ತಿತ್ತು. ಚನ್ನಬಸಪ್ಪ ನಿಲ್ಲಿಸಿರಲಿಲ್ಲ. ನಾವಿದ್ದ ಅರ್ಧವನ್ನು ಅಗೆದನಂತೆ. ಅಲ್ಲಿ ಸಿಗದಿದ್ದಾಗ ಕೊಪ್ಪರಿಗೆಯನ್ನು ನಾವೇ ಒಯ್ದೆವೆಂದು ಊರಿಗೆಲ್ಲ ಸಾರಿದನಂತೆ. ಅಷ್ಟಾದರೂ ಆಸೆ ಬಿಡದೆ ದೇವರ ಕೋಣೆ ಅಗೆದ, ಹಿತ್ತಲು ಅಗೆದ. ವ್ಯಾಪಾರ ಹಾಳಾಯಿತು. ಓಣಿಯ ಮಕ್ಕಳು ಅವನ ಹಿಂದೆ "ಗುದ್ದು, ಗುದ್ದು" ಎಂದು ಕೂಗಿಕೊಂಡು ಓಡುತ್ತಿದ್ದರಂತೆ. ಕೇಳಿದಾಗ ನನಗೆ ಅಯ್ಯೋ ಎನಿಸಲಿಲ್ಲ. ಅವ್ವನಿಗೆ ಹೇಳಿದೆ. ಅವಳು ಕಾಲಿಗೆ ಎಣ್ಣೆ ತಿಕ್ಕುತ್ತ "ಅಗೀಲಿ" ಎಂದಳು.

ಅವನು ಸತ್ತ ಮೇಲೆ, ನನ್ನ ಮದುವೆಯೂ ಆದ ಮೇಲೆ, ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಗೌರಮ್ಮ ಸಿಕ್ಕಳು. ತಮ್ಮನ ಮನೆಯಲ್ಲಿದ್ದಳಂತೆ. ಬಳೆಯಿಲ್ಲದ ಕೈಯಿಂದ ನನ್ನ ಮೊಣಕೈ ಹಿಡಿದಳು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

"ನಿಮ್ಮವ್ವ ಹೆಂಗವ್ಳೆ?"

"ಕುಂಟ್ತಾಳೆ," ಎಂದೆ.

ಅವಳು ತಲೆ ತಗ್ಗಿಸಿದಳು. ಆದರೆ ಕೈ ಬಿಡಲಿಲ್ಲ. ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡು ಹತ್ತಿರ ಸರಿದಳು.

"ಒಂದ್ ಮಾತು ಕೇಳ್ತೀನವ್ವ, ಬ್ಯಾಸರ ಮಾಡ್ಕಬ್ಯಾಡ. ಅವ್ರಿದ್ದಾಗ ಕೇಳಾಕಾಗ್ಲಿಲ್ಲ. ಈಗಾರ ನಿಜ ಹೇಳು. ನಿಮ್ಗೆ ಅಲ್ಲಿ ಏನಾರ ಸಿಕ್ಕಿತ್ತಾ?"

ನನ್ನ ಬಸ್ಸು ಬಂದು ನಿಂತಿತ್ತು. ಇಲ್ಲ ಎನ್ನಲು ಬಾಯಿ ತೆರೆದವಳು, ಅವಳ ಗಂಡನ ಮುಖ ನೆನಪಾಗಿ, ನೋಯಲಿ ಎಂದೇ ಹೇಳಿದೆ:

"ಹೂಂ. ಸಿಕ್ಕಿತ್ತು."

ಅವಳು ನೋಯಲಿಲ್ಲ. ಮುಖದ ಗಂಟೆಲ್ಲ ಬಿಚ್ಚಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾರೆ ಅವ್ರಿಗೆ ಹುಚ್ಚು ಹಿಡ್ದಿರ್ಲಿಲ್ಲ," ಎಂದಳು.